ಹಳೇ ಆಲ್ಬಮ್, ಭಾಗ 4: ಸಹಾರ್ ಮತ್ತು ಅಪ್ಪನ ಪೆನ್ನು

ನಿಮ್ಮಲ್ಲಿ ಎಷ್ಟು ಜನರಿಗೆ ಸಹಾರ್ ಅಂದ್ರೆ ಗೊತ್ತು? ಕುಂದಾಪುರ, ಉಡುಪಿ, ಮಂಗಳೂರು ಕಡೆಯವರಾದ್ರೆ ಮನೇಲಿ ಒಂದ್ಸಲ ಕೇಳಿ ನೋಡಿ. ದೊಡ್ಡಪ್ಪನೋ ಮಾವನೋ ಯಾರಾದ್ರೂ ಒಬ್ಬರು ಗಲ್ಫಿಗೆ ಹೋದವರು ಇದ್ದೇ ಇರ್ತಾರೆ, ಅವರು ಹೇಳ್ತಾರೆ.

ಮುಂಬೈ ಅಂಧೇರಿ ಪೂರ್ವದಲ್ಲಿ ಸಹಾರ್ ಅಂತ ಒಂದು ಹಳ್ಳಿ. ಅಲ್ಲಿ 1980ರ ದಶಕದಲ್ಲಿ ಇಂಟರ್‌ನ್ಯಾಷನಲ್ ಟರ್ಮಿನಲ್ ಬಂತು. ಊರೊಳಗಿನ ವಿಮಾನಕ್ಕೆ ಸಾಂತಾಕ್ರೂಜ್, ಹೊರದೇಶಕ್ಕೆ ಸಹಾರ್. 1999ರಲ್ಲಿ ಇಡೀ ಏರ್‌ಪೋರ್ಟಿಗೆ ಛತ್ರಪತಿ ಶಿವಾಜಿ ಹೆಸರಿಟ್ರು. ಆದ್ರೂ ನಮ್ಮ ಕಡೆ ಯಾರೂ ಸಹಾರ್ ಅನ್ನೋದು ಬಿಡ್ಲಿಲ್ಲ. "ಅವ ಸಹಾರಿಗೆ ಹೋದ" ಅಂದ್ರೆ ಇನ್ನೆರಡು ವರ್ಷ ಅವನ ಮುಖ ಕಾಣಲ್ಲ ಅಂತ ಅರ್ಥ.

ಆ ಟರ್ಮಿನಲ್ ಈಗ ಇಲ್ಲ. ಒಂದೊಂದೇ ತುಂಡಾಗಿ ಕೆಡವಿ, ಅದೇ ಜಾಗದಲ್ಲಿ ಈಗಿನ ಟಿ2 ಕಟ್ಟಿದ್ರು. ನೀವೆಲ್ಲ ರೀಲ್ಸ್‌ನಲ್ಲಿ ನೋಡೋ ನವಿಲುಗರಿ ಚಾವಣಿ ಇದೆಯಲ್ಲ, ಅದೇ. 2014ರ ಜನವರಿಯಲ್ಲಿ ಉದ್ಘಾಟನೆ, ಫೆಬ್ರವರಿಯಲ್ಲಿ ವಿಮಾನ ಶುರು. ಹಳೇದು ಹೋಯ್ತು ಅಂತ ಯಾರೂ ಅತ್ತಿದ್ದು ನಾನು ಓದಿಲ್ಲ. ಅಳುವಂಥ ಬಿಲ್ಡಿಂಗೂ ಅಲ್ಲ ಬಿಡಿ. 2ಎ, 2ಬಿ, 2ಸಿ ಅಂತ ಬೇರೆ ಬೇರೆ ಕಾಲಕ್ಕೆ ಕಟ್ಟಿ ಪಕ್ಕಪಕ್ಕ ಇಟ್ಟ ಕಾಂಕ್ರೀಟು. ಪೋಸ್ಟ್‌ಕಾರ್ಡಿಗೆ ಹಾಕೋ ಮುಖ ಅದಕ್ಕಿರಲಿಲ್ಲ.

ಆದ್ರೆ ನಮ್ಮ ಮನೆ ಆಲ್ಬಮ್‌ನಲ್ಲಿ ನಾಲ್ಕೂ ಜನ ಒಟ್ಟಿಗೆ ಇರೋ ಫೋಟೋ ಮೂರೇ ಮೂರು. ಮೂರಕ್ಕೆ ಮೂರೂ ಸಹಾರ್ ಹೊರಗೆ ತೆಗೆದದ್ದು. ಕಳೆದ ಭಾಗಕ್ಕೆ ನಮ್ಮ ಬಿ.ಎಡ್. ಕ್ಲಾಸಿನ ಒಬ್ಬಳು "ಏನೇ, ನಿಮ್ದೆಲ್ಲ ಏರ್‌ಪೋರ್ಟ್ ಫ್ಯಾಮಿಲಿನಾ?" ಅಂತ ಕಮೆಂಟ್ ಹಾಕಿ ನಗೋ ಇಮೋಜಿ ಇಟ್ಟಿದ್ಲು. ಹೌದು ಮಾರಾಯ್ತಿ, ಒಂಥರಾ ಹೌದು. ಇವತ್ತಿನದ್ದು ನಿನಗೇ ಉತ್ತರ ಅಂದ್ಕೋ. ಉದ್ದ ಇದೆ, ಚಾ ಇಟ್ಕೊಂಡು ಕೂತ್ಕೋ.

ಅಪ್ಪ ಸೌದಿಯ ದಮ್ಮಾಮ್‌ನಲ್ಲಿ ಸ್ಟೋರ್‌ಕೀಪರ್. ನಾನು ಹುಟ್ಟಿದ ಮಾರನೇ ವರ್ಷ ಹೋದವರು 2019ರಲ್ಲಿ ಪೂರ್ತಿ ವಾಪಸ್ ಬಂದ್ರು. ಎರಡು ವರ್ಷ ಕೆಲಸ, ಎರಡು ತಿಂಗಳು ರಜೆ. ರಜೆ ಹೆಚ್ಚಾಗಿ ಏಪ್ರಿಲ್-ಮೇ ಸಿಗೋ ಹಾಗೆ ನೋಡ್ಕೊಳ್ತಿದ್ರು, ನಮಗೂ ಶಾಲೆ ಇರಲ್ಲ ಅಂತ. ವಾಪಸ್ ಹೋಗುವಾಗ ನಾವೂ ಮುಂಬೈವರೆಗೆ. ಮಧ್ಯಾಹ್ನದ ಮೇಲೆ ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತಿದ್ರೆ ಬೆಳಿಗ್ಗೆ ಕುರ್ಲಾ. ಮಾವ ಮರೋಳ್‌ನಲ್ಲಿ ಒಂದು ಕ್ಯಾಂಟೀನಿನಲ್ಲಿದ್ದ, ಅವನ ಒಂದೇ ಕೋಣೆ ಮನೆಯಲ್ಲಿ ಮೂರು ದಿನ ಎಲ್ಲರೂ ಸಾಲಾಗಿ ಮಲಗೋದು. ತಲೆ ಮೇಲೆ ವಿಮಾನ ಹೋಗ್ತಾನೇ ಇರ್ತಿತ್ತು. ಅಣ್ಣ ಎಣಿಸ್ತಿದ್ದ. ನಾನು ನಿದ್ದೆ ಮಾಡ್ತಿದ್ದೆ.

"ಬಜ್ಪೆಯಿಂದ ಹೋಗಬಹುದಿತ್ತಲ್ಲ?" ಅಂತ ಕೇಳ್ಬೇಡಿ. ಬಜ್ಪೆಯಿಂದ ದುಬೈಗೆ ವಿಮಾನ ಶುರುವಾದದ್ದೇ 2006ರಲ್ಲಿ. ಅದಕ್ಕೂ ಮುಂಚೆ ಕರಾವಳಿಯ ಬಹುಪಾಲು ಜನರ ಗಲ್ಫ್ ದಾರಿ ಮುಂಬೈ ಮೇಲೇ. ಆಮೇಲೂ ಅಪ್ಪನ ಕಂಪನಿ ಕೊಡ್ತಿದ್ದ ಟಿಕೆಟ್ ಕೊನೇವರೆಗೂ ಮುಂಬೈಯದ್ದೇ ಆಗಿತ್ತು.

ಈಗ ಸ್ವೈಪ್ ಮಾಡಿ.

ಒಂದನೇ ಫೋಟೋ 2005. ನನಗೆ ಆರು ವರ್ಷ, ಅಪ್ಪನ ಸೊಂಟದ ಹತ್ತಿರ ಇರೋದು ನಾನು. ಎರಡನೇದು 2007. 2009ರಲ್ಲಿ ನನಗೆ ಸಿತಾಳೆ ಸಿಡುಬು, ಅಪ್ಪ ಒಬ್ಬರೇ ಹೋದ್ರು. ಮೂರನೇದು 2011, ಹಿಂದೆ ತಗಡಿನ ಗೋಡೆ ಕಾಣ್ತಿದೆಯಲ್ಲ, ಆಗಲೇ ಹೊಸ ಟರ್ಮಿನಲ್ ಕೆಲಸ ನಡೀತಿತ್ತು. ಮೂರೂ ರಾತ್ರಿಯವು. ಗಲ್ಫ್ ವಿಮಾನ ಹೆಚ್ಚಾಗಿ ನಡುರಾತ್ರಿಯವೇ. ಅದಕ್ಕೇ ಎಲ್ಲರ ಕಣ್ಣೂ ಕೆಂಪು, ಅತ್ತದ್ದಕ್ಕೆ ಮಾತ್ರ ಅಲ್ಲ.

ಎಲ್ಲದರಲ್ಲೂ ಒಂದು ಕಬ್ಬಿಣದ ಕಂಬಿ ಇದೆ ನೋಡಿ. ಟಿಕೆಟ್ ಇದ್ದವರು ಅದರ ಆಚೆ, ಇಲ್ಲದವರು ಈಚೆ. ಆ ಕಂಬಿಯುದ್ದಕ್ಕೂ ಜನ ಅಂದ್ರೆ ಜನ. ಒಬ್ಬ ಹೋಗೋದಕ್ಕೆ ಹತ್ತು ಜನ ಕಳಿಸೋಕೆ. ಹಗ್ಗ ಸುತ್ತಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಮಾರ್ಕರಿನಲ್ಲಿ ದಪ್ಪಕ್ಷರದ ಹೆಸರು, ರಿಯಾದ್, ಮಸ್ಕತ್, ಕುವೈತ್. ಕಂಬಿ ಪಕ್ಕ ನೆಲದ ಮೇಲೇ ಬಟ್ಟೆ ಹಾಸಿ ಬುತ್ತಿ ಬಿಚ್ಚಿ ಊಟ ಮಾಡೋರು. ತುಳು, ಮಲಯಾಳಂ, ತೆಲುಗು, ಭೋಜ್‌ಪುರಿ, ಎಲ್ಲ ಭಾಷೆಯಲ್ಲೂ ಒಂದೇ ಮಾತು ಕೇಳ್ತಿತ್ತು, ತಲುಪಿದ ಕೂಡ್ಲೇ ಫೋನ್ ಮಾಡು.

ಅಪ್ಪ ಮಾತ್ರ ಹೆಚ್ಚು ಹೊತ್ತು ನಿಲ್ತಿರಲಿಲ್ಲ. ವಿಮಾನ ಬೆಳಗಿನ ಜಾವ ನಾಲ್ಕಕ್ಕೆ ಇದ್ರೂ ರಾತ್ರಿ ಹತ್ತೂವರೆಗೆಲ್ಲ ಒಳಗೆ. "ಹೋಯಿ ಬತ್ತೆ" ಅಂದು, ಗೇಟಿನವನಿಗೆ ಪಾಸ್‌ಪೋರ್ಟ್ ತೋರಿಸಿ, ಟ್ರಾಲಿ ತಳ್ಕೊಂಡು ಹೋಗೋದೇ. ತಿರುಗಿ ನೋಡ್ತಿರಲಿಲ್ಲ. ಪಕ್ಕದವರ ಗಂಡಂದಿರೆಲ್ಲ ಹನ್ನೆರಡರವರೆಗೂ ಕಂಬಿ ಹಿಡ್ಕೊಂಡು ನಿಂತಿರೋದು, ನಮ್ಮವರು ಮಾತ್ರ ಆಫೀಸಿಗೆ ತಡವಾದವರ ಹಾಗೆ. ಅಮ್ಮ ಏನೂ ಹೇಳ್ತಿರಲಿಲ್ಲ, ರಿಕ್ಷಾದಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂರ್ತಿದ್ರು. ನನಗೆ ಅಪ್ಪನ ಮೇಲೆ ಸಿಟ್ಟಿತ್ತು. ಆ ಸಿಟ್ಟು ಸುಮಾರು ವರ್ಷ ಇತ್ತು, ಕಾಲೇಜಿಗೆ ಬಂದ ಮೇಲೂ.

ಇನ್ನೊಂದು ಸಿಟ್ಟು ಚಿಕ್ಕದು. ಅಪ್ಪ ಹೋದ ಮೇಲೆ ನಮ್ಮ ಕಂಪಾಸ್ ಬಾಕ್ಸಿನಲ್ಲಿ ಪೆನ್ ಇರ್ತಿರಲಿಲ್ಲ. ನಂದು, ಅಣ್ಣಂದು ಎರಡೂ ಮಾಯ. ಮೂರನೇ ಫೋಟೋ ಝೂಮ್ ಮಾಡಿ ನೋಡಿ, ಅಪ್ಪನ ಶರ್ಟಿನ ಜೇಬಲ್ಲಿ ಮೂರು ಪೆನ್. ಹಸಿರು ಮುಚ್ಚಳದ್ದು ನಂದು, ಶಾಲೆಯ ಓಟದಲ್ಲಿ ಎರಡನೇ ಬಹುಮಾನ ಬಂದದ್ದು. ಸುಮಾರು ಮೂರು ಸಾವಿರ ಕಿಲೋಮೀಟರ್ ಆಚೆ ಸ್ಟೋರ್ ನಡೆಸೋ ಮನುಷ್ಯನಿಗೆ ಮಗಳ ಪೆನ್ನೇ ಯಾಕೆ ಬೇಕು?

ಈ ಸರಣಿಗೆ ಫೋಟೋ ಸ್ಕ್ಯಾನ್ ಮಾಡ್ತಾ ಇದ್ದಾಗ ಕಳೆದ ತಿಂಗಳು ಕರೆಂಟ್ ಹೋಯ್ತು. ಜಗಲಿಯಲ್ಲಿ ಅಪ್ಪ, ನಾನು ಇಬ್ಬರೇ. ನಮ್ಮಿಬ್ಬರ ನಡುವೆ ಮಾತು ಕಡಿಮೆ, ನಿಮ್ಮಲ್ಲಿ ಗಲ್ಫ್ ಅಪ್ಪಂದಿರ ಮಕ್ಕಳಿಗೆ ಇದು ವಿವರಿಸೋದು ಬೇಡ. ಸುಮ್ನೆ ಕೇಳಿದೆ, "ಅಪ್ಪ, ನನ್ನ ಹಸ್ರು ಪೆನ್ ಎಂತ ಮಾಡಿದ್ರಿ?"

ಅಪ್ಪ ನಕ್ಕರು. "ಅದ್ ಸಹಾರಲ್ಲೇ ಯಾರೋ ತಕಂಡ್ ಹೋದ್ರ್ ಕಾಣ್."

ಆಮೇಲೆ ಹೇಳಿದ್ದು ಇದು. ಆಗ ದೇಶ ಬಿಟ್ಟು ಹೋಗೋ ಪ್ರತಿಯೊಬ್ಬರೂ ಡಿಪಾರ್ಚರ್ ಕಾರ್ಡ್ ಅಂತ ಒಂದು ಚೀಟಿ ತುಂಬಬೇಕಿತ್ತು. ಹೆಸರು, ಪಾಸ್‌ಪೋರ್ಟ್ ನಂಬರ್, ಊರಿನ ವಿಳಾಸ, ವಿಮಾನದ ನಂಬರ್, ಉದ್ಯೋಗ, ಹೋಗೋ ಉದ್ದೇಶ. ಅದನ್ನ ಪಾಸ್‌ಪೋರ್ಟ್ ಜೊತೆ ಇಮಿಗ್ರೇಷನ್‌ನವರಿಗೆ ಕೊಟ್ಟರೇ ಠಸ್ಸೆ. ಅಪ್ಪನ ವಿಮಾನಕ್ಕೆ ಬರೋ ಅರ್ಧ ಜನರಿಗೆ ಇಂಗ್ಲಿಷ್ ಹೋಗ್ಲಿ, ಅಕ್ಷರವೇ ಬರ್ತಿರಲಿಲ್ಲ. ಚೀಟಿ ಹಿಡ್ಕೊಂಡು ಯಾರ ಜೇಬಲ್ಲಿ ಪೆನ್ ಇದೆ ಅಂತ ನೋಡ್ತಾ ನಿಂತಿರೋರು. ಅಪ್ಪ ಎಸ್ಸೆಸ್ಸೆಲ್ಸಿ. ಸ್ಟೋರಿನಲ್ಲಿ ಪೆಟ್ಟಿಗೆ ಮೇಲೆ ಹೆಸರು ಬರೆದೂ ಬರೆದೂ ದಪ್ಪಕ್ಷರ ಸಲೀಸು. ಮೊದಲ ಸಲ ಒಬ್ಬನಿಗೆ ಬರೆದುಕೊಟ್ರಂತೆ. ತಲೆ ಎತ್ತಿ ನೋಡಿದ್ರೆ ಹಿಂದೆ ಹನ್ನೆರಡು ಜನ ಸಾಲು.

ಮುಂದಿನ ಸಲದಿಂದ ಅಪ್ಪ ಬೇಗ ಒಳಗೆ ಹೋಗೋಕೆ ಶುರು ಮಾಡಿದ್ರು.

ಸೀವಾನ್, ಗೋಪಾಲ್‌ಗಂಜ್, ಗೋರಖ್‌ಪುರ, ಕರೀಂನಗರ, ಜಗ್ತಿಯಾಲ, ಮಲಪ್ಪುರಂ. ಊರುಗಳ ಹೆಸರು ಅಪ್ಪನಿಗೆ ಈಗಲೂ ಬಾಯಿಪಾಠ, ಪಿನ್‌ಕೋಡ್ ಕೂಡ ಕೆಲವು. ಒಂದೊಂದು ರಾತ್ರಿ ಮೂವತ್ತು, ನಲವತ್ತು ಚೀಟಿ. ಒಬ್ಬರ ಪೆನ್ ಮುಗೀತಿತ್ತು, ಇನ್ನೊಂದು ಯಾರಾದ್ರೂ ತಗೊಂಡು ಹೋಗ್ತಿದ್ರು. ಅದಕ್ಕೇ ಮೂರು. "ಅಂಗ್ಡೀಲ್ ತಕಂಬುದಲ್ದಾ?" ಅಂದೆ. ಹೊರಡೋ ದಿನ ಅದೆಲ್ಲ ಎಲ್ಲಿ ನೆನಪಾಗುತ್ತೆ ಅಂದ್ರು.

ದುಡ್ಡು ಕೊಡೋಕೆ ಬರ್ತಿದ್ರಂತೆ, ಐದು, ಹತ್ತು ರೂಪಾಯಿ. ತಗೊಂಡಿಲ್ಲ. ಒಬ್ಬ ಮುದುಕ ಚಕ್ಕುಲಿ ಥರದ್ದೇನೋ ಕೊಟ್ಟನಂತೆ, ಅದನ್ನ ತಿಂದ್ರಂತೆ.

ಒಂದು ಮಾತ್ರ ಹೇಳುವಾಗ ಅಪ್ಪ ಸ್ವಲ್ಪ ನಿಧಾನ ಆದ್ರು. ಬಿಹಾರದ ಕಡೆಯವನು, ನಲವತ್ತು ದಾಟಿದ ಗಂಡಸು, ಮೊದಲ ಸಲ ಹೊರಗೆ ಹೊರಟವನು. ಉದ್ಯೋಗ ಅಂತ ಇರೋ ಕಡೆ ಏನು ಬರೀಲಿ ಅಂದ್ರೆ "ಬಡಗಿ" ಅಂದನಂತೆ. ಅಪ್ಪ, ತಾತ ಎಲ್ಲ ಬಡಗಿಗಳೇ, ಊರಿನ ಬಾಗಿಲೆಲ್ಲ ನಮ್ಮನೆಯವರದ್ದೇ ಕೆಲಸ ಅಂತ. ಅಪ್ಪ ಅವನ ವೀಸಾ ತೆಗೆದು ನೋಡಿದ್ರು. ಅದರಲ್ಲಿ ಇದ್ದದ್ದು ಲೇಬರ್. ವೀಸಾದಲ್ಲಿ ಒಂದು, ಚೀಟಿಯಲ್ಲಿ ಒಂದು ಆದ್ರೆ ಕೌಂಟರಿನಲ್ಲಿ ಪ್ರಶ್ನೆ ಬರುತ್ತೆ, ಅವನಿಗೆ ಉತ್ತರ ಹೇಳೋಕೆ ಬರಲ್ಲ. ಅಪ್ಪ ಲೇಬರ್ ಅಂತಲೇ ಬರೆದ್ರು. ಅವನು ಆ ಅಕ್ಷರದ ಮೇಲೆ ಬೆರಳಿಟ್ಟು, ಇಲ್ಲಿ ಬಡಗಿ ಅಂತ ಬರೆದದ್ದಾ ಅಂತ ಕೇಳಿದನಂತೆ.

"ಎಂತ ಹೇಳಿದ್ರಿ?"

"ಹೌದ್ ಅಂದೆ."

ಇಷ್ಟು ಹೇಳಿ ಅಪ್ಪ ಸುಮ್ಮನಾದ್ರು. ಕರೆಂಟ್ ಇನ್ನೂ ಬಂದಿರಲಿಲ್ಲ. ನನಗೆ ಕಂಬಿಯ ಈಚೆ ಬದಿ ಮಾತ್ರ ಗೊತ್ತಿತ್ತು ನೋಡಿ. ರಾತ್ರಿ ಹತ್ತೂವರೆಯಿಂದ ನಾಲ್ಕರವರೆಗೆ ಒಳಗೆ ಏನಾಗ್ತಿತ್ತು ಅಂತ ಅಮ್ಮನಿಗೂ ಗೊತ್ತಿರಲಿಲ್ಲ. ಒಳಗಿನಿಂದ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸ್ಕೊಳ್ತಿದ್ದವರು ಅಮ್ಮ, "ಹೇಳಿದ್ರೆ ಬಾಯ್ ಬೀಳ್ತಿತ್ತಾ?" ಅಂತ ಒಂದೇ ಮಾತು ಅಂದು ಒಳಗೆ ಹೋದ್ರು. ಸಿಟ್ಟಾ, ಇನ್ನೇನಾ ಗೊತ್ತಾಗ್ಲಿಲ್ಲ. ಆ ರಾತ್ರಿ ಬಂಗುಡೆ ಮಾತ್ರ ಅಪ್ಪನ ತಟ್ಟೆಗೆ ಒಂದು ಜಾಸ್ತಿ ಬಿತ್ತು.

ಹೊಸ ಟಿ2 ಬಗ್ಗೆಯೂ ಕೇಳಿದೆ. ಅಪ್ಪ ಅದರಿಂದ ಎರಡು ಸಲ ಹೋಗಿದ್ದಾರೆ. 2015ರಲ್ಲಿ ಎಲ್ಲ ಹಳೇ ಥರವೇ, ಜಾಗ ಹೊಳೀತಿತ್ತು, ಸಾಲು ಮಾತ್ರ ಅದೇ, ಚೀಟಿಯೂ ಅದೇ. ಆಮೇಲಿನ ರಜೆ ಆರು ತಿಂಗಳು ತಡವಾಗಿ ಸಿಕ್ಕಿ, ವಾಪಸ್ ಹೊರಟದ್ದು 2017ರ ಡಿಸೆಂಬರಿನಲ್ಲಿ. ಆ ವರ್ಷ ಜುಲೈ 1ರಿಂದ ಸರ್ಕಾರ ಏರ್‌ಪೋರ್ಟುಗಳಲ್ಲಿ ಡಿಪಾರ್ಚರ್ ಕಾರ್ಡ್ ತೆಗೆದುಹಾಕಿತ್ತು. ಒಳ್ಳೇ ಕೆಲಸವೇ. ಅಕ್ಷರ ಬಾರದವನು ಇನ್ನೊಬ್ಬರ ಮುಖ ನೋಡ್ತಾ ನಿಲ್ಲೋದು ತಪ್ಪಿತು. ನಾನು ಅದನ್ನ ಹಳೇದೇ ಚಂದ ಅಂತ ಹೇಳೋಕೆ ಬರೀತಿಲ್ಲ.

ಅಪ್ಪನಿಗೆ ಅದು ಗೊತ್ತಿರಲಿಲ್ಲ, ಅಷ್ಟೇ. ಅಭ್ಯಾಸದ ಹಾಗೆ ಹತ್ತೂವರೆಗೆ ಒಳಗೆ ಹೋದ್ರು. ಆ ಸಲ ಪೆನ್ ನಾನೇ ಕೊಟ್ಟಿದ್ದೆ, ಕೇಳಿದ್ರು ಅಂತ ಪ್ಯಾಕೆಟ್ಟೇ ತಂದುಕೊಟ್ಟಿದ್ದೆ, ಐದರದ್ದು. ಯಾರೂ ಬರ್ಲಿಲ್ಲ. ಎಲ್ಲರೂ ಮೊಬೈಲ್ ನೋಡ್ತಾ ಕೂತಿದ್ರು. ಅಲ್ಲಿ ಗೋಡೆಯುದ್ದಕ್ಕೂ ಕಲಾಕೃತಿ ಇಟ್ಟಿದ್ದಾರಲ್ಲ, ಜಯ ಹೇ ಅಂತ, ರಾಜೀವ್ ಸೇಠಿ ಆರಿಸಿ ಜೋಡಿಸಿದ್ದು, ಐದು ಸಾವಿರಕ್ಕೂ ಹೆಚ್ಚು ವಸ್ತುಗಳಿವೆ. ಅಪ್ಪ ಅದನ್ನೇ ಈ ತುದಿಯಿಂದ ಆ ತುದಿಗೆ ನೋಡ್ತಾ ನಡೆದ್ರಂತೆ. ಹಳೇ ಮರದ ಬಾಗಿಲು, ಕಿಟಕಿ, ಕೆತ್ತನೆ ಕಂಬ ಎಲ್ಲ ಇದ್ವಂತೆ.

"ಭಾರಿ ಚೆಂದ ಇತ್ತ್. ಆದ್ರ್ ಆ ದಿನ ಮಾತ್ರ ಹೊತ್ತೇ ಹೋಯ್ಲಿಲ್ಲ" ಅಂದ್ರು.

ನನ್ನ ಹತ್ತಿರ ಇರೋದೆಲ್ಲ ಹೊರಡೋ ಬದಿಯ ಫೋಟೋ. ಅಪ್ಪ ಬರುವಾಗ ನಾವ್ಯಾರೂ ಎದುರು ಹೋಗ್ತಿರಲಿಲ್ಲ, ಅವರೇ ರೈಲು ಹತ್ತಿ ಊರಿಗೆ ಬರ್ತಿದ್ರು. ಹಾಗಾಗಿ ಸಹಾರ್‌ನಿಂದ ಜನ ಹೊರಗೆ ಬರೋ ಬಾಗಿಲು ಹೇಗಿತ್ತು ಅಂತ ನಾನು ನೋಡೇ ಇಲ್ಲ. ನಿಮ್ಮ ಮನೆ ಆಲ್ಬಮ್‌ನಲ್ಲಿ ಇದ್ರೆ ಕಳಿಸ್ತೀರಾ? ಮುಖ ಮುಚ್ಚಿ ಕಳಿಸಿದ್ರೂ ಅಡ್ಡಿಯಿಲ್ಲ, ನಂಗೆ ಬಾಗಿಲು ಸಾಕು. ಭಾಗ 5ರಲ್ಲಿ ದಮ್ಮಾಮ್‌ನಿಂದ ಬರ್ತಿದ್ದ ಕ್ಯಾಸೆಟ್ ಪತ್ರಗಳು.

#ಹಳೇಆಲ್ಬಮ್ #ಸಹಾರ್ #ಕುಂದಾಪುರ