ಚೆಲುವು ಮತ್ತು ಸಮಯ

"ರೂಪ ನಾಲ್ಕು ದಿನದ್ದು, ಗುಣ ಮುಖ್ಯ" ಎಂದು ಹೇಳದ ಹಿರಿಯರುಂಟೇ? ಹಾಗೆ ಹೇಳಿದವರೇ ಕನ್ಯೆಯ ಭಾವಚಿತ್ರವನ್ನು ಬೆಳಕಿಗೆ ಹಿಡಿದು ಎರಡು ಬಾರಿ ನೋಡುತ್ತಾರೆ. ಮಾತಿಗೂ ನೋಟಕ್ಕೂ ನಡುವಣ ಈ ಅಂತರವನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು ಅಳೆದು ನೋಡಿದ್ದಾರೆ.

ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಎಲೇನ್ ವಾಲ್‌ಸ್ಟರ್ ಮತ್ತು ಸಂಗಡಿಗರು ಹೊಸ ವಿದ್ಯಾರ್ಥಿಗಳಿಗಾಗಿ ಒಂದು ನೃತ್ಯಕೂಟವನ್ನು ಏರ್ಪಡಿಸಿದರು. ಅದರ ವರದಿ 1966ರಲ್ಲಿ ಪ್ರಕಟವಾಯಿತು. ಗಣಕಯಂತ್ರವೇ ತಕ್ಕ ಜೊತೆಯನ್ನು ಆರಿಸಿಕೊಡುವುದೆಂದು ಎಲ್ಲರಿಗೂ ಹೇಳಿದ್ದರು. ನಿಜವಾಗಿ ಚೀಟಿ ಎತ್ತಿದಂತೆ ಜೋಡಿ ಮಾಡಿದ್ದರು; ಹುಡುಗ ಹುಡುಗಿಗಿಂತ ಗಿಡ್ಡನಾಗದಂತೆ ನೋಡಿಕೊಂಡದ್ದಷ್ಟೇ. (ಆ ಒಂದು ಕಟ್ಟಳೆಯನ್ನು ಮುರಿಯುವ ಧೈರ್ಯ ವಿಜ್ಞಾನಕ್ಕೂ ಇರಲಿಲ್ಲ!) ಟಿಕೀಟು ಕೊಳ್ಳಲು ಬಂದವರ ರೂಪಕ್ಕೆ ಅಲ್ಲಿಯೇ ಕುಳಿತ ನಾಲ್ವರು ಗುಟ್ಟಾಗಿ ಅಂಕ ಹಾಕಿದರು. ಒಟ್ಟು 376 ಜೋಡಿ. ಜನ ತಮಗೆ ಸರಿಸಮಾನರಾದವರನ್ನೇ ಮೆಚ್ಚುವರೆಂದು ಪಂಡಿತರ ಊಹೆ. ಅದು ನಿಲ್ಲಲಿಲ್ಲ. ನಡುವಣ ವಿರಾಮದಲ್ಲಿ ವಿಚಾರಿಸಿದಾಗ, ತಾವು ನೋಡಲು ಹೇಗೆಯೇ ಇರಲಿ, ಎಲ್ಲರೂ ಚೆಲುವಾದ ಜೊತೆಯನ್ನೇ ಹೆಚ್ಚು ಮೆಚ್ಚಿದ್ದರು. ಹುಡುಗರಷ್ಟೇ ಅಲ್ಲ, ಹುಡುಗಿಯರೂ! ಬುದ್ಧಿ, ಸ್ವಭಾವಗಳ ಪರೀಕ್ಷೆಯಲ್ಲಿ ಪಡೆದ ಅಂಕಗಳು ಲೆಕ್ಕಕ್ಕೆ ಬರಲಿಲ್ಲ.

ಓದಿ ನನಗೆ ಕಳವಳವಾಯಿತು. ನಮ್ಮ ಮನೆಯಲ್ಲಿ ಮದುವೆಗೆ ಬೆಳೆದ ಅಣ್ಣನ ಮಗಳಿದ್ದಾಳೆ. ಚಿತ್ರದಲ್ಲಿ ಆಕೆ ಸಾಧಾರಣ. ಮಾತಿಗೆ ತೊಡಗಿದಳೆಂದರೆ ಎದುರು ಕುಳಿತವರಿಗೆ ಹೊತ್ತು ಹೋದದ್ದೇ ತಿಳಿಯದು. ಆದರೆ ನೋಡಲು ಬಂದವರು ಉಪ್ಪಿಟ್ಟು, ಕಾಫಿ ಮುಗಿಸಿ ಏಳುವುದಕ್ಕೆ ಎಷ್ಟು ಹೊತ್ತು? ಆ ನೃತ್ಯಕೂಟವೇ ಇದಕ್ಕಿಂತ ದೀರ್ಘವಾಗಿತ್ತು.

ಸಮಾಧಾನ ದೊರೆತದ್ದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಿಂದ. ಲೂಸಿ ಹಂಟ್ ಮೊದಲಾದವರು 167 ಜೋಡಿಗಳನ್ನು ಪರಿಶೀಲಿಸಿದರು; ಅವರಲ್ಲಿ ಪ್ರೇಮಿಗಳೂ ಇದ್ದರು, ದಂಪತಿಗಳೂ ಇದ್ದರು. ಪರಿಚಯವಾದ ಸ್ವಲ್ಪ ಕಾಲದಲ್ಲಿಯೇ ಕೂಡಿಕೊಂಡವರು ರೂಪದಲ್ಲಿ ಬಹುಮಟ್ಟಿಗೆ ಸಮಾನರು. ಎಲ್ಲರೂ ಚೆಲುವನ್ನೇ ಬೇಡಿದರೆ ಚೆಲುವರು ಚೆಲುವರಿಗೇ ಸಲ್ಲುವರಷ್ಟೆ! ಬಹುಕಾಲ ಪರಿಚಿತರಾಗಿದ್ದು ಅನಂತರ ಒಲಿದವರಲ್ಲಿ ಈ ಸಮಾನತೆ ಅಷ್ಟಾಗಿ ಕಾಣಲಿಲ್ಲ. ಮೊದಲ ನೋಟದಲ್ಲಿ ಹತ್ತು ಮಂದಿಯ ತೀರ್ಪು ಹೆಚ್ಚುಕಡಮೆ ಒಂದೇ. ಒಡನಾಟ ಬೆಳೆದಂತೆ ಒಬ್ಬೊಬ್ಬರ ಕಣ್ಣೂ ಬೇರೆಯಾಗುತ್ತದೆ. ಒಂಬತ್ತು ಮಂದಿ ಗಮನಿಸದೆ ಹೋದವಳಲ್ಲಿ ಹತ್ತನೆಯವನು ಏನನ್ನೋ ಕಾಣುತ್ತಾನೆ.

ಕಳೆದ ತಿಂಗಳು ಒಂದು ಸಂಬಂಧ ಬಂದಿತ್ತು. "ಅವಸರವೇನಿಲ್ಲ, ಇಬ್ಬರೂ ಇನ್ನು ನಾಲ್ಕಾರು ಬಾರಿ ಕುಳಿತು ಮಾತನಾಡಲಿ. ಆಮೇಲೆ ತಿಳಿಸಿ" ಎಂದು ವರನ ತಂದೆಗೆ ಹೇಳಿದೆ. ಅವರು ಗಡಿಯಾರದ ಕಡೆ ನೋಡಿದರು. ಹುಡುಗ ಮಾತ್ರ ಚಪ್ಪಲಿ ಮೆಟ್ಟುತ್ತ, "ಭಾನುವಾರ ಬರಬಹುದೇ?" ಎಂದು ಕೇಳಿದ.