ಮೂರಕ್ಕೆ ಏಳು

ರಜೆಯೆಂಬುದು ಒಂದೇ ಪದಾರ್ಥವೆಂದು ಮಕ್ಕಳು ತಿಳಿದಿರುತ್ತಾರೆ. ಅದರಲ್ಲಿ ಅಕ್ಕಿಯಲ್ಲಿರುವಷ್ಟೇ ಬಗೆಗಳಿವೆಯೆಂಬುದು ನೌಕರಿಗೆ ಹೋಗುವ ಅಮ್ಮಂದಿರಿಗೆ ಮಾತ್ರ ಗೊತ್ತು. ಸಾಂದರ್ಭಿಕ ರಜೆ, ಪರಿಮಿತ ರಜೆ, ಗಳಿಕೆ ರಜೆ, ಅರ್ಧವೇತನ ರಜೆ, ಶಿಶುಪಾಲನಾ ರಜೆ. ಒಂದೊಂದಕ್ಕೂ ಒಂದೊಂದು ಅರ್ಜಿ, ಒಂದೊಂದು ಬಗೆಯ ಮುಖಭಾವ. ನಾನು ಸರ್ಕಾರದ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ನನ್ನ ಪಾಲಿಗೆ ನಿತ್ಯದ ಊಟದ ಅಕ್ಕಿಯೆಂದರೆ ಸಾಂದರ್ಭಿಕ ರಜೆಯೇ. ಮೊದಲು ಅದು ವರ್ಷಕ್ಕೆ 15 ದಿನವಿತ್ತು. 2019ರಲ್ಲಿ ತಿಂಗಳ ನಾಲ್ಕನೆಯ ಶನಿವಾರವನ್ನೂ ಬಿಡುವೆಂದು ಕೊಟ್ಟರು, ಸಾಂದರ್ಭಿಕ ರಜೆಯನ್ನು 10ಕ್ಕೆ ಇಳಿಸಿದರು. ಒಟ್ಟು ಲೆಕ್ಕದಲ್ಲಿ ನಮಗೆ ಲಾಭವೇ ಆಯಿತೆಂದು ಸಹೋದ್ಯೋಗಿಗಳು ವಾದಿಸುವುದುಂಟು. ಆದರೆ ಮಕ್ಕಳಿಗೆ ಜ್ವರ ಬರುವುದು ನಾಲ್ಕನೆಯ ಶನಿವಾರವೇ ಎಂದು ನಂಬಿಸಲು ಅವರಿಂದ ಈವರೆಗೆ ಆಗಿಲ್ಲ.

2025ರ ದಸರೆಗೆ ಶಾಲೆಗಳಿಗೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ, ಅಂದರೆ 18 ದಿನ ಬಿಡುವು. ನನ್ನ ಖಾತೆಯಲ್ಲಿ ಉಳಿದಿದ್ದದ್ದು ನಾಲ್ಕು ದಿನ. ಮದುವೆಗೆ ಮುಹೂರ್ತ ನೋಡುವವರೂ ಪಂಚಾಂಗವನ್ನು ಹಾಗೆ ನೋಡಿರಲಾರರು. ನಾನು ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದಿಳಿಸಿ, ಊಟದ ಮೇಜಿನ ಮೇಲೆ ಹರಡಿ, ಮಗಳ ಪೆನ್ಸಿಲ್ಲಿನಿಂದ ಗುರುತು ಹಾಕುತ್ತ ಕುಳಿತೆ. ಅಕ್ಟೋಬರ್ 1 ಬುಧವಾರ ಆಯುಧಪೂಜೆ. 2ರಂದು ವಿಜಯದಶಮಿ. ಗಾಂಧಿ ಜಯಂತಿಯೂ ಅದೇ ದಿನವೇ ಬಂದು ಒಂದು ರಜೆ ನಷ್ಟವಾಯಿತು. ಮಹಾತ್ಮರ ಮೇಲೆ ನನಗೆ ಅಸಮಾಧಾನವಾದದ್ದು ಅದೊಂದೇ ಸಲ. 5 ಭಾನುವಾರ. 7 ಮಂಗಳವಾರ ವಾಲ್ಮೀಕಿ ಜಯಂತಿ. ನಡುವೆ 3, 4, 6 ಈ ಮೂರು ದಿನ ರಜೆ ಬರೆದರೆ ಒಟ್ಟು ಏಳು ದಿನ ಕೈಗೆ ಬರುತ್ತದೆ. ಮೂರಕ್ಕೆ ಏಳು! ಯಾವ ಬ್ಯಾಂಕು ಇಷ್ಟು ಬಡ್ಡಿ ಕೊಟ್ಟೀತು, ನೀವೇ ಹೇಳಿ.

ಮಿಕ್ಕ ಹನ್ನೊಂದು ದಿನದ ಗತಿಯೇನು? "ನಿಮ್ಮ ಯಜಮಾನರು ಮೇಷ್ಟ್ರಲ್ಲವೆ, ನಿಮಗೇನು ಚಿಂತೆ?" ಎಂದು ಕಚೇರಿಯಲ್ಲಿ ಎಲ್ಲರೂ ಕೇಳುತ್ತಿದ್ದರು. ನನ್ನದೂ ಅದೇ ಧೈರ್ಯವಾಗಿತ್ತು. ಇವರು ಬೆಂಗಳೂರಿನ ಹೊರಗೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಾರೆ. ಆದರೆ ಆ ವರ್ಷ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಗಣತಿಗೆ ನಿಂತವರು ಶಿಕ್ಷಕರು. 60 ಪ್ರಶ್ನೆಗಳನ್ನು ಹೊತ್ತು ಇವರು ಬೆಳಗ್ಗೆ ಹೊರಟರೆ ದೀಪ ಹಚ್ಚಿದ ಮೇಲೆ ಮನೆಗೆ. ತರಬೇತಿಗೆ ಹೋಗಿಬಂದ ರಾತ್ರಿ, ಅಭ್ಯಾಸಕ್ಕೆಂದು ಊಟಕ್ಕೆ ಕುಳಿತಾಗ ಮಗನನ್ನೇ ಕೇಳಿದರು: "ಈ ಕುಟುಂಬದ ಮುಖ್ಯಸ್ಥರು ಯಾರು?" ಎಂಟು ವರ್ಷದ ಹುಡುಗ ಅನ್ನ ಕಲಸುತ್ತಲೇ "ಅಜ್ಜಿ" ಎಂದ. ನಾವಿಬ್ಬರೂ ನಕ್ಕೆವು. ಉತ್ತರ ತಪ್ಪೆಂದು ಇಬ್ಬರೂ ಹೇಳಲಿಲ್ಲ.

ಅಜ್ಜಿಯೆಂದರೆ ನನ್ನ ತಾಯಿ. ಪುತ್ತೂರಿನಿಂದ ಏಳೆಂಟು ಮೈಲಿ ಒಳಗೆ, ಅಡಕೆ ತೋಟದ ನಡುವಿನ ಹಳೆಯ ಮನೆಯಲ್ಲಿ ಇರುವವರು. ವಯಸ್ಸು 76. ಅಪ್ಪ ಹೋದ ಮೇಲೆ ಒಬ್ಬರೇ. ತೋಟದ ಕೆಲಸಕ್ಕೆ ಬರುವ ಆಳು ಸಂಜೆಗೆ ತನ್ನ ಮನೆಗೆ ಹೋಗುತ್ತಾನೆ. ಬೇಸಗೆಯಲ್ಲಿ, ದಸರೆಯಲ್ಲಿ ನನ್ನ ಮಕ್ಕಳು ಹೋಗುವುದು ಅಲ್ಲಿಗೇ. ನೆರೆಹೊರೆಯವರು ಇದನ್ನು ಪ್ರವಾಸವೆನ್ನುತ್ತಾರೆ. ನನ್ನನ್ನು ಕೇಳಿದರೆ ಇದು ಹಸ್ತಾಂತರ. ರಜೆ ಶುರುವಾದ ವಾರ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ, ಕಣ್ಣು ಗಡಿಯಾರದ ಮೇಲೆ ಇಟ್ಟ ಹೆಂಗಸರು ನೂರಾರು. ಅವರು ಊರು ನೋಡಲು ಹೊರಟವರಲ್ಲ. ಮಕ್ಕಳನ್ನು ಮತ್ತೊಬ್ಬ ಹೆಂಗಸಿನ ಕೈಗೊಪ್ಪಿಸಿ, ಸೋಮವಾರ ಹತ್ತು ಗಂಟೆಗೆ ಹಾಜರಿ ಪುಸ್ತಕದ ಮುಂದೆ ನಿಲ್ಲಬೇಕಾದವರು. ನಗರದ ಕಚೇರಿಗಳು ರಜಾಕಾಲದಲ್ಲೂ ಬಾಗಿಲು ತೆರೆದಿರುವುದು ಹಳ್ಳಿಗಳ ಅಜ್ಜಿಯರ ಬಲದಿಂದ ಎಂದರೆ ನೀವು ನಗಬಹುದು. ಆದರೂ ಮಾತು ನಿಜ.

ಮಗನಿಗೆ ರೈಲಿನಲ್ಲೇ ಹೋಗಬೇಕೆಂಬ ಹಟ. ಸಕಲೇಶಪುರದಿಂದ ಸುಬ್ರಹ್ಮಣ್ಯದತ್ತ ಘಟ್ಟ ಇಳಿಯುವಾಗ 57 ಸುರಂಗಗಳು ಸಿಗುತ್ತವೆ. ಹಿಂದಿನ ವರ್ಷ ಇವನ ಲೆಕ್ಕಕ್ಕೆ ಸಿಕ್ಕಿದ್ದು 49; ಉಳಿದ ಎಂಟರಲ್ಲಿ ನಿದ್ದೆ. ಆ ಎಂಟನ್ನು ವಸೂಲು ಮಾಡುವ ಸಂಕಲ್ಪ ವರ್ಷವಿಡೀ ನಡೆದಿತ್ತು. ಆದರೆ ಘಟ್ಟದ ಹಳಿಯ ಮೇಲೆ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕಾಗಿ 2025ರ ಮೇ ತಿಂಗಳ ಕೊನೆಯಿಂದಲೇ ಹಗಲಿನ ರೈಲುಗಳು ನಿಂತಿದ್ದವು. ರಾತ್ರಿಯ ರೈಲಿನಲ್ಲಿ ಸುರಂಗ ಯಾವುದು, ಹೊರಗಿನ ಕತ್ತಲೆ ಯಾವುದು? ಹೀಗಾಗಿ ಸೆಪ್ಟೆಂಬರ್ 21ರ ಭಾನುವಾರ, ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ಆರು ಗಂಟೆಗೆ, ನಾವು ಮೂವರೂ ಕೆಂಪು ಬಸ್ಸು ಹತ್ತಿದೆವು.

ಹತ್ತಿದ ಐದು ನಿಮಿಷಕ್ಕೆ ಜಗಳ. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ದುಡ್ಡಿಲ್ಲವಷ್ಟೆ. ಆಧಾರ್ ಕಾರ್ಡು ತೋರಿಸಿದ ನನಗೂ ಹನ್ನೊಂದು ವರ್ಷದ ಮಗಳಿಗೂ ಶೂನ್ಯದ ಚೀಟಿ ಬಂತು. ಮಗನಿಗೆ ಅರ್ಧ ಟಿಕೆಟ್ಟು. ಮೂವರಲ್ಲಿ ಅತಿ ಚಿಕ್ಕವನೇ ದುಡ್ಡು ಕೊಡಬೇಕಾದ ಅನ್ಯಾಯವನ್ನು ಅವನು ಕುಣಿಗಲ್ಲಿನ ತನಕ ವಿಚಾರಣೆಗೆ ಇಟ್ಟ. ಚನ್ನರಾಯಪಟ್ಟಣ ದಾಟಿದ ಮೇಲೆ ಅವನ ಧಾಟಿ ಬದಲಾಯಿತು. ಈ ಬಸ್ಸಿನಲ್ಲಿ ದುಡ್ಡು ಕೊಟ್ಟು ಬಂದವನು ತಾನೊಬ್ಬನೇ; ಆದ್ದರಿಂದ ಕಿಟಕಿ ತನ್ನದು. ಅಕ್ಕ ಬಿಟ್ಟುಕೊಟ್ಟಳು. ಶಿರಾಡಿಯಲ್ಲಿ ಮಳೆ. ಕೆಂಪುಹೊಳೆ ರಸ್ತೆಯ ಪಕ್ಕದಲ್ಲೇ ಸದ್ದು ಮಾಡುತ್ತ ಬರುತ್ತಿತ್ತು. ಗುಂಡ್ಯ ಬಂದೊಡನೆ ಗಾಳಿಯಲ್ಲಿ ಬೆವರು ಬೆರೆಯುತ್ತದೆ. ಅಲ್ಲಿಂದಾಚೆ ನನ್ನ ಊರು.

ಮನೆ ಸೇರಿದಾಗ ಮೂರೂವರೆ. ಅಮ್ಮ ಜಗಲಿಯ ಮೇಲೇ ಕುಳಿತಿದ್ದರು. ಯಾವಾಗಲೂ ಅಂಗಳದ ಕೊನೆಯ ದಣಪೆಯವರೆಗೆ ಬಂದು ಮಗನನ್ನು ಎತ್ತಿಕೊಳ್ಳುವವರು. "ಇಷ್ಟು ಬೆಳೆದವನನ್ನು ಇನ್ನೇನು ಎತ್ತುವುದು?" ಎಂದು ನಾನು ಕೇಳುವ ಮೊದಲೇ ಹೇಳಿಬಿಟ್ಟರು. ಕೈಕಾಲು ತೊಳೆಯಲು ಬಚ್ಚಲಿಗೆ ಹೊರಟಾಗ ಕಣ್ಣಿಗೆ ಬಿದ್ದದ್ದು ಒಂದು ಹಗ್ಗ. ಜಗಲಿಯ ಕಂಬದಿಂದ ಅಂಗಳ ದಾಟಿ ಬಚ್ಚಲುಮನೆಯ ಬಾಗಿಲವರೆಗೆ, ನಡುವೆ ಎರಡು ಅಡಕೆಮರದ ಗೂಟಗಳ ಆಧಾರದಿಂದ ಬಿಗಿದದ್ದು.

"ಇದೇನಮ್ಮ?"

"ಬಟ್ಟೆ ಒಣಗಿಸಲಿಕ್ಕೆ."

ಸೊಂಟದೆತ್ತರದಲ್ಲಿ, ಮಳೆಗಾಲದ ಬಯಲು ಅಂಗಳದಲ್ಲಿ ಬಟ್ಟೆ ಒಣಗಿಸುವವರನ್ನು ನಾನು ಕಂಡಿಲ್ಲ. ಹುರಿ ಒಂದೇ ಬದಿಗೆ, ಅಂಗೈಯಗಲ ನುಣುಪಾಗಿತ್ತು. ಕರಾವಳಿಯ ಮನೆಗಳ ಅಂಗಳ ಮಳೆಗಾಲದಲ್ಲಿ ಹೇಗೆ ಪಾಚಿಗಟ್ಟುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಬಾಯಿಗೆ ಬರುವಷ್ಟರಲ್ಲಿ ಅಮ್ಮ ಒಳಗೆ ದೋಸೆಕಾವಲಿಯ ಸದ್ದು ಮಾಡತೊಡಗಿದ್ದರು. ಅದು ಅವರ ಹಳೆಯ ಉಪಾಯ. ಒಂಬತ್ತೂವರೆಗೆ ಪುತ್ತೂರಿನಿಂದ ನನ್ನ ರಾತ್ರಿ ಬಸ್ಸು. ಮಕ್ಕಳನ್ನು ಅಲ್ಲಿ ಬಿಟ್ಟು ಬಂದೆ. ಬೇರೆ ಏನು ಮಾಡಬಹುದಿತ್ತೆಂದು ಘಟ್ಟ ಹತ್ತುವಾಗಲೂ ಯೋಚಿಸಿದೆ, ಹಾಸನದಲ್ಲೂ ಯೋಚಿಸಿದೆ. ಐದು ಗಂಟೆಗೆ ಮೆಜೆಸ್ಟಿಕ್ ಬಂತು.

ಮುಂದಿನ ಒಂಬತ್ತು ದಿನ ನಾನು ಕಡತಗಳ ನಡುವೆ ಕುಳಿತು ಫೋನಿಗೆ ಕಿವಿ ಕೊಟ್ಟಿದ್ದೆ. ಅಮ್ಮ ದಿನವೂ ಹೇಳುತ್ತಿದ್ದುದು "ಎಲ್ಲ ಸೌಖ್ಯ" ಎಂಬ ಎರಡು ಮಾತು. ಮಗನ ವರದಿಗಳು ಉದ್ದ: ಕಪ್ಪೆ ಬಂತು, ಹಲಸಿನ ಹಪ್ಪಳ ಮುಗಿಯಿತು, ಪೇಟೆಯಲ್ಲಿ ಹುಲಿವೇಷ ನೋಡಿ ಅಕ್ಕ ಹೆದರಿದಳು, ತಾನು ಹೆದರಲಿಲ್ಲ. ಮಗಳು ಮಾತ್ರ ಫೋನಿಗೆ ಸಿಗುವುದೇ ಅಪರೂಪ. "ಅವಳಿಗೆ ಕೆಲಸ ಉಂಟು" ಎನ್ನುತ್ತಿದ್ದರು ಅಮ್ಮ. ನಮ್ಮ ಮನೆಯಲ್ಲಿ ತನ್ನ ಲೋಟವನ್ನೂ ತಾನು ತೊಳೆಯದ ಹುಡುಗಿಗೆ ಅಲ್ಲೇನು ಕೆಲಸ?

ಅದು ತಿಳಿದದ್ದು ಅಕ್ಟೋಬರ್ 1ರ ಬೆಳಗ್ಗೆ. ರಾತ್ರಿ ಬಸ್ಸಿನಿಂದಿಳಿದು ಆಟೋರಿಕ್ಷಾದಲ್ಲಿ ಮನೆ ತಲುಪಿದಾಗ ಇನ್ನೂ ಮಬ್ಬುಗತ್ತಲೆ. ಅಂಗಳದಲ್ಲಿ ಒಂದು ಟಾರ್ಚಿನ ಬೆಳಕು ಹಿಮ್ಮುಖವಾಗಿ ನಡೆಯುತ್ತಿತ್ತು. ಟಾರ್ಚು ಹಿಡಿದವಳು ಮಗಳು. ಅವಳ ಎದುರಿಗೆ ಬಲಗೈಯಲ್ಲಿ ಹಗ್ಗ ಹಿಡಿದು ಅಮ್ಮ. "ಇಲ್ಲಿ ಜಾರುತ್ತೆ ಅಜ್ಜಿ, ಈ ಕಲ್ಲಿನ ಮೇಲೆ ಇಡಿ" ಎಂದು ಅವಳು ಹೇಳುವುದು, ಇವರು ಇಡುವುದು. ನಾನು ದಣಪೆಯ ಹೊರಗೇ ನಿಂತೆ, ಅವರು ಬಚ್ಚಲು ಸೇರುವ ತನಕ.

ಆ ದಿನ ಆಯುಧಪೂಜೆ. ಕುಂಕುಮದ ಬಟ್ಟಲು ಮಗನ ಕೈಗೆ ಸಿಕ್ಕಿತು. ಕತ್ತಿ, ಪಿಕಾಸಿ, ನೀರಿನ ಪಂಪು, ರುಬ್ಬುವ ಯಂತ್ರ, ತೆಂಗಿನಕಾಯಿ ತುರಿಯುವ ಮಣೆ, ಅಪ್ಪನ ಹಳೆಯ ಟೈಪ್‌ರೈಟರು, ನನ್ನ ಫೋನು ಎಲ್ಲಕ್ಕೂ ಬೊಟ್ಟಾಯಿತು. ಇನ್ನೇನುಂಟೆಂದು ಹುಡುಕುತ್ತ ಅವನು ಹಗ್ಗದ ಮುಂದೆ ನಿಂತ. "ಅಜ್ಜೀ, ಇದು ಆಯುಧವಾ?" ಅಮ್ಮ ಒಂದು ಕ್ಷಣ ನನ್ನ ಕಡೆ ನೋಡಿದರು. "ಹೌದು ಮಗಾ, ಅದಕ್ಕೂ ಇಡು" ಎಂದರು. ಬಟ್ಟೆ ಒಣಗಿಸುವ ಮಾತು ಮತ್ತೆ ಬರಲಿಲ್ಲ.

ಏಳು ದಿನ ಹೇಗೆ ಕಳೆದವೆಂದು ವರ್ಣಿಸಲಾರೆ. ತಿಂದೆವು, ಮಲಗಿದೆವು, ಒಂದು ದಿನ ಉಪ್ಪಿನಂಗಡಿಗೆ ಹೋಗಿ ಕುಮಾರಧಾರೆ ನೇತ್ರಾವತಿಯನ್ನು ಸೇರುವುದನ್ನು ನೋಡಿ ಬಂದೆವು. "ಬೆಂಗಳೂರಿಗೆ ಬನ್ನಿ, ನಮ್ಮ ಜೊತೆ ಇರಿ" ಎಂದು ನಾನು ಮೂರು ಸಲ ಕೇಳಿದೆ. ಎರಡು ಸಲ ದೋಸೆಕಾವಲಿಯ ಸದ್ದು. ಮೂರನೆಯ ಸಲ, "ಅಲ್ಲಿ ನಾನು ಏನಾಗಿ ಇರಲಿ? ಇಲ್ಲಿ ಮಕ್ಕಳು ಬರುವ ಮನೆಯ ಅಜ್ಜಿಯಾಗಿದ್ದೇನೆ" ಎಂದರು. ಅದಕ್ಕೆ ಉತ್ತರ ಹೊಳೆಯಲಿಲ್ಲ.

7ರಂದು ಹಗಲು ಬಸ್ಸಿನಲ್ಲಿ ಹಿಂದಿರುಗಿದೆವು. ಗುಂಡ್ಯ ದಾಟಿ ಘಟ್ಟ ಹತ್ತತೊಡಗಿದ ಮೇಲೆ ಮಗಳು ಕಿಟಕಿಯತ್ತ ಮುಖ ಮಾಡಿಕೊಂಡೇ ಹೇಳಿದಳು: ಅಜ್ಜಿ ಜುಲೈ ತಿಂಗಳಲ್ಲಿ ಅಂಗಳದಲ್ಲಿ ಬಿದ್ದಿದ್ದರು. ಆಳು ಬರುವವರೆಗೆ ಅಲ್ಲೇ ಇದ್ದರು. ಹಗ್ಗ ಕಟ್ಟಿದ್ದು ಆಮೇಲೆ. "ಅಮ್ಮನಿಗೆ ಹೇಳಬೇಡ, ಹೇಳಿದರೆ ಮುಂದಿನ ಸಲ ನಿಮ್ಮನ್ನು ಇಲ್ಲಿಗೆ ಕಳಿಸುವುದಿಲ್ಲ ಅಂದರು. ನೀನು ಕಳಿಸುತ್ತೀಯಲ್ಲ?"

ನಾನು ಉತ್ತರ ಕೊಡುವ ಮೊದಲೇ ಫೋನು. ಇವರದು. ಸಮೀಕ್ಷೆ ಮುಗಿದಿಲ್ಲವಾದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು 18ರವರೆಗೆ ಮುಂದುವರಿಸಿದ್ದಾರಂತೆ. ನಮ್ಮ ಮಕ್ಕಳದು ಅನುದಾನಿತ ಶಾಲೆ. ಮಗ ಎದ್ದು ನಿಂತು ಡ್ರೈವರಿಗೆ ಬಸ್ಸು ತಿರುಗಿಸಲು ಹೇಳಿದ. ಸುತ್ತಲಿನವರು ನಕ್ಕರು. ಅರ್ಧ ಗಂಟೆಯಲ್ಲೇ ಅಮ್ಮನ ಕರೆಯೂ ಬಂತು, ಟೀವಿಯಲ್ಲಿ ನೋಡಿದ್ದರು. "ಮಕ್ಕಳನ್ನು ವಾಪಸು ತಂದು ಬಿಡು. ನನಗೇನೂ ತೊಂದರೆಯಿಲ್ಲ." ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ತಂದು ಬಿಡಲಿಲ್ಲ. ಆ ಹನ್ನೊಂದು ದಿನಗಳನ್ನು ಗಳಿಕೆ ರಜೆಯಿಂದಲೂ ಪಕ್ಕದ ಮನೆಯವರ ಉಪಕಾರದಿಂದಲೂ ದಾಟಿದೆವು. ಸಾಲದ್ದಕ್ಕೆ ಶಿಶುಪಾಲನಾ ರಜೆಯ ಆದೇಶವನ್ನೂ ತೆಗೆದು ಓದಿದೆ. 2021ರಲ್ಲಿ ಮಹಿಳಾ ನೌಕರರಿಗೆ ಕೊಟ್ಟದ್ದು. ಒಟ್ಟು ಸೇವೆಯಲ್ಲಿ 180 ದಿನ, ಕಿರಿಯ ಮಗುವಿಗೆ 18 ತುಂಬುವ ತನಕ. ಒಳ್ಳೆಯ ಆದೇಶ. ತಾಯಿಯ ಪಾಲನೆಗೆಂದು ಹೆಸರಿಟ್ಟ ರಜೆ ಮಾತ್ರ ನಮ್ಮ ಪಟ್ಟಿಯಲ್ಲಿಲ್ಲ.

ನವೆಂಬರಿನಲ್ಲಿ ಐದು ದಿನ ಗಳಿಕೆ ರಜೆ ಬರೆದೆ. ಕಾರಣವೆಂಬಲ್ಲಿ "ಸ್ವಂತ ಕೆಲಸ" ಎಂದು ಬರೆದೆ. ಪುತ್ತೂರಿನ ಪೇಟೆಯಲ್ಲಿಳಿದು, ಕಬ್ಬಿಣದ ಕೆಲಸದವನೊಬ್ಬನನ್ನು ಗೊತ್ತುಮಾಡಿಕೊಂಡು, ಕೈಪಿಡಿಗೆ ಬೇಕಾದ ಕೊಳವೆಗಳನ್ನು ರಿಕ್ಷಾದ ತಲೆಯ ಮೇಲೆ ಕಟ್ಟಿಸಿ ಮನೆಗೆ ಹೋದೆ. ಮಳೆ ನಿಂತಿತ್ತು, ಅಂಗಳ ಒಣಗಿತ್ತು. ಅಮ್ಮ ಹಗ್ಗ ಹಿಡಿಯದೆ ದಣಪೆಯವರೆಗೆ ಬಂದರು. ಕೊಳವೆಗಳನ್ನು ನೋಡಲಿಲ್ಲ, ನನ್ನನ್ನೂ ಅಷ್ಟಾಗಿ ನೋಡಲಿಲ್ಲ. ನನ್ನ ಹೆಗಲಿನಾಚೆ ರಿಕ್ಷಾದೊಳಗೆ ಇಣುಕಿ, "ಮಕ್ಕಳೆಲ್ಲಿ?" ಎಂದರು.