ಬಲಕ್ಕೆ ವಾಲಿದ ಹಸಿರು ಟೊಪ್ಪಿಗೆ

ಕಾನ್ ಪಟ್ಟಣದಿಂದ ಉತ್ತರಕ್ಕೆ ಹೊರಟ ಬಸ್ಸು ನನ್ನನ್ನು ವಿಸ್ಟ್ರಹಾಮ್‌ನಲ್ಲಿ ಇಳಿಸಿತು. ಅದರಾಚೆ ಬರೀ ಸಮುದ್ರ. ನಾರ್ಮಂಡಿಯ ಈ ಊರಿಗೆ ಜನ ಬರುವುದು ಇಂಗ್ಲೆಂಡಿನ ಹಡಗು ಹತ್ತಲು, ಇಲ್ಲವೇ ಮರಳ ಮೇಲೆ ಬಿಸಿಲು ಕಾಯಿಸಲು. ನಾನು ಬಂದದ್ದು ಒಂದು ಬಿಲ್ಲೆ ನೋಡಲು.

ಕಸಿನೊ ಎದುರಿಗಿರುವ ಚಿಕ್ಕ ಮ್ಯೂಸಿಯಂನಲ್ಲಿ ಅದು ಸಿಕ್ಕಿತು. ಕಂಚಿನ ಗುರಾಣಿಯಾಕಾರ, ಅದರಲ್ಲೊಂದು ಹಾಯಿಹಡಗು, ಹಡಗಿಗೆ ಅಡ್ಡಲಾಗಿ ಕಮಾಂಡೊಗಳ ಬಾಕು, ಜೊತೆಗೆ ಎರಡು ಅಡ್ಡಪಟ್ಟಿಯ ಲಾರೆನ್ ಶಿಲುಬೆ. ಇದು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಜೊತೆಗೂಡಿ ಹೋರಾಡಿದ ಫ್ರೆಂಚ್ ಕಮಾಂಡೊ ದಳದ ಬಿಲ್ಲೆ. ಇದನ್ನು ರೂಪಿಸಿದವನು ಅದೇ ದಳದ ಸೈನಿಕ ಮಾರಿಸ್ ಶೋವೆ. ಬಾಕು ಬ್ರಿಟಿಷರದು, ಶಿಲುಬೆ ಸ್ವತಂತ್ರ ಫ್ರಾನ್ಸಿನದು. ಸಮವಸ್ತ್ರ, ಬಂದೂಕು, ತರಬೇತಿ ಎಲ್ಲವೂ ಎರವಲು ತಂದದ್ದಾದ್ದರಿಂದ, ತಮ್ಮದೆಂದು ಎದೆಯುಬ್ಬಿಸಿ ಹೇಳಿಕೊಳ್ಳಲು ಇವರಿಗಿದ್ದದ್ದು ಹೆಬ್ಬೆರಳಗಲದ ಈ ಲೋಹ ಮಾತ್ರ ಎನ್ನಿಸಿತು.

ದಳ ಕಟ್ಟಿದ ಫಿಲಿಪ್ ಕೀಫರ್ ವೃತ್ತಿಯ ಸೈನಿಕನೇ ಅಲ್ಲ. ಹೈಟಿಯಲ್ಲಿ ಹುಟ್ಟಿ, ನ್ಯೂಯಾರ್ಕಿನ ಬ್ಯಾಂಕಿನಲ್ಲಿ ದುಡಿದವನು. ನಲವತ್ತರ ಹೊಸ್ತಿಲಲ್ಲಿ ನೌಕಾಪಡೆ ಸೇರಿ, ಬ್ರಿಟಿಷ್ ಕಮಾಂಡೊಗಳನ್ನು ಕಂಡು ಮನಸೋತು, ಫ್ರೆಂಚ್ ಸ್ವಯಂಸೇವಕರನ್ನು ಒಟ್ಟುಗೂಡಿಸಿದ. ಸ್ಕಾಟ್ಲೆಂಡಿನ ಅಖ್ನಕ್ಯಾರಿಯಲ್ಲಿ ಮೈ ಮುರಿಯುವ ತರಬೇತಿ ಮುಗಿಸಿದವರಿಗೇ ಹಸಿರು ಟೊಪ್ಪಿಗೆ.  

ಮಧ್ಯಾಹ್ನ ಕಡಲಂಚಿನಲ್ಲಿ ಪಶ್ಚಿಮಕ್ಕೆ, ಕೊಲ್‌ವಿಲ್‌ನತ್ತ ನಡೆದೆ. ಜರ್ಮನ್ನರ ವಶದಲ್ಲಿದ್ದ ನಾರ್ಮಂಡಿಯ ಮೇಲೆ ಮಿತ್ರರಾಷ್ಟ್ರಗಳು ದಾಳಿಯಿಟ್ಟ 1944ರ ಜೂನ್ 6ರ ಬೆಳಿಗ್ಗೆ ಕೀಫರನ 177 ಜನ ಇಳಿದದ್ದು ಅಲ್ಲಿ. ಅವರಿದ್ದ ಬ್ರಿಟಿಷ್ ಕಮಾಂಡೊ ದಳದ ದಂಡನಾಯಕ ಡಾಸನ್, ಮೊದಲು ನೆಲ ಮುಟ್ಟುವ ಗೌರವವನ್ನು ಫ್ರೆಂಚರಿಗೇ ಬಿಟ್ಟುಕೊಟ್ಟಿದ್ದ. ಆ ದಿನವೇ ಹತ್ತು ಜನ ಸತ್ತರು. ವೈದ್ಯ ರಾಬೆರ್ ಲಿಯೊನ್ ಅವರಲ್ಲೊಬ್ಬ. ಅವರ ಗುರಿ ವಿಸ್ಟ್ರಹಾಮ್‌ನ ಕಡಲತೀರ ರಿವಾ ಬೆಲ್ಲಾದಲ್ಲಿದ್ದ ಕಸಿನೊ. ‘ದಿ ಲಾಂಗೆಸ್ಟ್ ಡೇ’ ಸಿನಿಮಾ ನೋಡಿದವರಿಗೆ ಅಲ್ಲೊಂದು ಭವ್ಯ ಕಟ್ಟಡ ನೆನಪಿರಬಹುದು. ಅದು ಸಿನಿಮಾದವರ ಕಸಿನೊ. ನಿಜವಾದದ್ದನ್ನು ಜರ್ಮನ್ನರು ಮೊದಲೇ ಕೆಡವಿ, ಆ ಜಾಗದಲ್ಲಿ ಕಾಂಕ್ರೀಟ್ ಕೋಟೆ ಎಬ್ಬಿಸಿದ್ದರು. ಅದನ್ನು ಒಡೆಯಲು ಬಂದೂಕು ಸಾಲದೆ, ಕೀಫರ್ ತಾನೇ ಹೋಗಿ ಒಂದು ಟ್ಯಾಂಕ್ ಕರೆತಂದ. ನಾರ್ಮಂಡಿಯ ಕಾಳಗ ಮುಗಿಯುವಷ್ಟರಲ್ಲಿ 177ರಲ್ಲಿ ಗಾಯವಿಲ್ಲದೆ ಉಳಿದವರು 24 ಮಂದಿ.

ಇಷ್ಟಾದರೂ ಫ್ರಾನ್ಸ್ ಇವರನ್ನು ಬೇಗ ತಲೆಯ ಮೇಲೆ ಹೊತ್ತುಕೊಳ್ಳಲಿಲ್ಲ. ತನಗೆ ಹೇಳದೆ ಮಿತ್ರರಾಷ್ಟ್ರಗಳೇ ಯೋಜಿಸಿದ ದಾಳಿ ಎಂಬ ಮುನಿಸಿನಲ್ಲಿದ್ದ, ಸ್ವತಂತ್ರ ಫ್ರಾನ್ಸಿನ ನಾಯಕನಾಗಿದ್ದ ದ ಗಾಲ್, 1964ರ ಇಪ್ಪತ್ತನೇ ವರ್ಷದ ಸ್ಮರಣೆಗೂ ನಾರ್ಮಂಡಿಗೆ ಬರಲಿಲ್ಲ. ದೊಡ್ಡವರ ಸಿಟ್ಟಿಗೆ ಚಿಕ್ಕವರು ದಂಡ ತೆತ್ತರು ಎಂದೇ ನನ್ನ ಎಣಿಕೆ. ದಳದ ಕೊನೆಯ ಕೊಂಡಿ ಲೆಯೊನ್ ಗೋತಿಯೆ ಇದೇ ಊರಿನಲ್ಲಿ ನೆಲೆಸಿದ್ದು, 2023ರ ಜುಲೈನಲ್ಲಿ ನೂರನೇ ವಯಸ್ಸಿನಲ್ಲಿ ತೀರಿಕೊಂಡರು.

ನೌಕಾಪಡೆ ಮಾತ್ರ ಮರೆಯಲಿಲ್ಲ. 1944ರ ಫೆಬ್ರವರಿಯಲ್ಲಿ ಹಾಲೆಂಡಿನ ದಡದಲ್ಲಿ ಸತ್ತ ಇದೇ ದಳದ ಕ್ಯಾಪ್ಟನ್ ತ್ರೆಪೆಲ್ ಹೆಸರಿನಲ್ಲೂ ಕೀಫರ್ ಹೆಸರಿನಲ್ಲೂ ಇಂದು ಕಮಾಂಡೊ ತುಕಡಿಗಳಿವೆ. ಶೋವೆ ಬರೆದ ಹಡಗು, ಬಾಕು ಈಗಲೂ ಅವರ ಟೊಪ್ಪಿಗೆಯಲ್ಲಿವೆ. ಫ್ರೆಂಚ್ ಭೂಸೇನೆಯವರು ಟೊಪ್ಪಿಗೆಯನ್ನು ಎಡಕ್ಕೆ ಎಳೆದು ಬಿಲ್ಲೆಯನ್ನು ಬಲಗಡೆ ಧರಿಸುತ್ತಾರೆ. ಈ ಕಮಾಂಡೊಗಳು ಬ್ರಿಟಿಷರಂತೆ ಬಲಕ್ಕೆ ಎಳೆದು, ಬಿಲ್ಲೆಯನ್ನು ಎಡಗಡೆ.